ಐದರಲ್ಲಿ ಎಷ್ಟು?

ದಾವಣಗೆರೆಯಿಂದ ಹರಿಹರದ ಕಚೇರಿಗೆ ನಿತ್ಯ ಬಸ್ಸಿನಲ್ಲಿ ಓಡಾಡುವ ನನ್ನನ್ನು ಕಳೆದ ಸೋಮವಾರ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಹಿಡಿದಳು. ಚಲಿಸುವ ಬಸ್ಸಿನೊಳಗೇ ಹಿಡಿದದ್ದರಿಂದ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. “ಸಾರ್, ನಮ್ಮದೊಂದು ಸಮೀಕ್ಷೆ. ಬಸ್ ಪ್ರಯಾಣ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ, ಒಂದರಿಂದ ಐದರೊಳಗೆ ಹೇಳ್ರಿ” ಎಂದು ಪೆನ್ನು ತೆರೆದಳು.

ಸುಮಾರು 14 ಕಿಲೋಮೀಟರಿನ ಈ ದಾರಿಯಲ್ಲಿ ನನ್ನ ತೃಪ್ತಿ ಎಲ್ಲಿಯೂ ಒಂದೇ ಮಟ್ಟದಲ್ಲಿ ನಿಂತದ್ದಿಲ್ಲವೆಂದು ಆ ಹುಡುಗಿಗೆ ಹೇಗೆ ವಿವರಿಸುವುದು? ನಿಲ್ದಾಣದಲ್ಲಿ ಕಾಯುವಾಗ ನಾನು ಪ್ರತಿ ಬಸ್ಸೂ ನಿಲ್ಲಲೇಬೇಕೆಂದು ವಾದಿಸುವವನು. ಸೀಟು ಸಿಕ್ಕ ಮರುಕ್ಷಣವೇ, ಊರೂರಿಗೆ ನಿಲ್ಲಿಸಿದರೆ ಕಚೇರಿ ಸೇರುವುದು ಯಾವಾಗ ಎಂದು ಗೊಣಗುವವನು.

ಸೀಟು ಸಿಗುವುದಾದರೂ ಸುಲಭವೇ? ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದಾಗ, ಅರ್ಧದಷ್ಟು ಸೀಟು ಗಂಡಸರಿಗೆ ಎಂದು ಸರ್ಕಾರವೇ ಹೇಳಿತ್ತು. ಆದರೆ ಆ ಆದೇಶವನ್ನು ನೆನಪಿಸಿ, ನಮ್ಮವ್ವನ ವಯಸ್ಸಿನವರನ್ನು ಎಬ್ಬಿಸುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿದಂತಿಲ್ಲ. ಸ್ವತಃ ನನ್ನ ಹೆಂಡತಿಯೇ ಜೀರೋ ಟಿಕೆಟ್ ಹಿಡಿದು ಕಿಟಕಿಯ ಪಕ್ಕ ಕುಳಿತು, ಹಣ ಕೊಟ್ಟು ನಿಂತಿರುವ ನನ್ನ ತೊಡೆಗೆ ತನ್ನ ತರಕಾರಿ ಚೀಲವನ್ನು ಒರಗಿಸಿಕೊಂಡು ಬರುತ್ತಾಳೆ.

ಹೀಗಾಗಿ ಒಂದು ದಿನ ಹಾವೇರಿ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಐನೂರರ ನೋಟು ಕೊಟ್ಟಿದ್ದಕ್ಕೆ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆಯನ್ನು ಗೀಚಿಕೊಟ್ಟರು. ಅದನ್ನು ಜೇಬಿಗೆ ತುರುಕಿ, ಹಿಂದಿನ ರಾತ್ರಿಯ ಸೊಳ್ಳೆಗಳನ್ನು ಶಪಿಸುತ್ತ ಕಣ್ಣು ಮುಚ್ಚಿದೆ. ತೆರೆದಾಗ ಕಿಟಕಿಯಾಚೆ ತುಂಗಭದ್ರೆ ನಿಧಾನವಾಗಿ ಹಿಂದೆ ಸರಿಯುತ್ತಿದ್ದಳು.

“ಹರಿಹರ, ಹರಿಹರ ಅಂತ ಬಾಯಿ ಬಡ್ಕಂಡ್ನಲ್ರೀ ಯಜಮಾನ್ರೇ, ದೇವರ ನಾಮ ಅನ್ಕಂಡ್ರೇನು?” ಎಂದರು ಕಂಡಕ್ಟರು. ಬಸ್ಸಿಗೆ ಬಸ್ಸೇ ನಕ್ಕಿತು. ಕುಮಾರಪಟ್ಟಣದಲ್ಲಿ ಇಳಿದೆ, ಅಂದರೆ ಹಾವೇರಿ ಜಿಲ್ಲೆಗೇ ಕಾಲಿಟ್ಟಿದ್ದೆ. 1956ಕ್ಕೆ ಮೊದಲಾಗಿದ್ದರೆ ಇದೇ ನಿದ್ದೆ ನನ್ನನ್ನು ಮೈಸೂರು ರಾಜ್ಯದಿಂದ ಮುಂಬಯಿ ರಾಜ್ಯಕ್ಕೆ ದಾಟಿಸಿರುತ್ತಿತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಚಿಲ್ಲರೆಯ ನೆನಪಾದದ್ದು ಆಗಲೇ. ಜೇಬಿನಿಂದ ತೆಗೆದ ಟಿಕೆಟ್ಟು ಬೆವರಿಗೆ ಒದ್ದೆಯಾಗಿ ಹಪ್ಪಳದ ಹಿಟ್ಟಿನಂತಾಗಿತ್ತು. ಅದರ ಹಿಂದಿನ ಅಂಕಿಗಳಲ್ಲಿ ಒಂದು ಸೊನ್ನೆ ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ಮರಳಿ ಹರಿಹರಕ್ಕೆ ಆಟೋದವನ ಮುಂದೆ ಕೈಯೊಡ್ಡಿ ಚೌಕಾಸಿ ಮಾಡಿದ್ದನ್ನು ಇಲ್ಲಿ ಬರೆಯಲಾರೆ.

ಇಷ್ಟೆಲ್ಲ ನೆನಪಾದರೂ, ಸೋಮವಾರ ನನಗೆ ಸೀಟು ಸಿಕ್ಕಿದ್ದರಿಂದ ಉದಾರಿಯಾಗಿ “ನಾಲ್ಕು ಅಂತ ಬರ್ಕೊಳ್ಳಮ್ಮ” ಎಂದುಬಿಟ್ಟೆ. ಅಷ್ಟರಲ್ಲಿ ದೊಡ್ಡಬಾತಿ ಬಂತು. ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಹತ್ತಿ, ನೇರವಾಗಿ ನನ್ನ ಪಕ್ಕಕ್ಕೇ ಬಂದು ನಿಂತು, ಏನೂ ಹೇಳದೆ ನನ್ನನ್ನೇ ನೋಡಿದರು. ನಾನು ಎದ್ದೆ.

“ಅಮ್ಮಾ, ಆ ನಾಲ್ಕನ್ನು ಎರಡು ಮಾಡೋಕಾಗುತ್ತಾ?” ಎಂದು ಕೇಳಿದೆ. ಹುಡುಗಿ ಆಗಲೇ ಹೊಸ ಹಾಳೆ ತಿರುವಿ ಅಜ್ಜಿಯತ್ತ ಬಾಗಿದ್ದಳು. ನನ್ನ ಸೀಟಿನಲ್ಲಿ ಕಾಲು ಮಡಚಿ ಕುಳಿತ ಅಜ್ಜಿ, ಬುಟ್ಟಿಯನ್ನು ನನ್ನ ಪಾದದ ಮೇಲಿಟ್ಟು ಹೇಳಿದರು: “ಐದಕ್ಕೈದೂ ಬರ್ಕಳವ್ವ.”