ಗೇಣಿನಿಂದ ಶುರುವೋ, ಸ್ಕೇಲಿನಿಂದಲೋ?

ಪ್ರಶ್ನೆ: ರಾಯಚೂರು, ಕೊಪ್ಪಳ, ಬಳ್ಳಾರಿಯ ಪ್ರಾಥಮಿಕ ಶಾಲೆಗಳಲ್ಲಿ ಅಳತೆ, ಆಕೃತಿ, ಅಂಕಿ-ಅಂಶದ ಪಾಠಗಳು ಊರಲ್ಲಿ ಬಳಕೆಯಲ್ಲಿರುವ ಗೇಣು, ಮೊಳ, ಅಡಿ, ಗುಂಟೆ, ಚೀಲದಿಂದಲೇ ಶುರುವಾಗಬೇಕೇ?

ಪರ: ಮೊದಲು ಕೈ, ಆಮೇಲೆ ಸ್ಕೇಲು

ಒಂದು ಪೆನ್ಸಿಲನ್ನು ಸ್ಕೇಲಿನ 3ರ ಗೆರೆಯಿಂದ 11ರ ಗೆರೆವರೆಗೆ ಇಟ್ಟು, ಉದ್ದ ಎಷ್ಟು ಅಂತ ನಾಲ್ಕನೇ ತರಗತಿ ಮಕ್ಕಳನ್ನು ಕೇಳಿ ನೋಡಿ. ಕೆಲವರು 11 ಅಂತಾರೆ. ಕೆಲವರು 3, 4, 5 ಅಂತ ಗೆರೆ ಎಣಿಸಿ 9 ಅಂತಾರೆ. 8 ಅನ್ನುವವರು ಸಿಕ್ಕರೆ ಪುಣ್ಯ. ಮಕ್ಕಳು ದಡ್ಡರು ಅಂತಲ್ಲ. ತುದಿಯಲ್ಲಿರುವ ಅಂಕಿ ಓದಿದರೆ ಅಳತೆ ಆಯಿತು ಅಂತ ಅವರು ತಿಳಿದಿದ್ದಾರೆ, ಅಷ್ಟೇ. ನಾವು ಕಲಿಸಿದ್ದೂ ಅದನ್ನೇ.

ಗೇಣು ಹಾಕುವ ಮಗುವಿಗೆ ಈ ಗೊಂದಲ ಇರುವುದಿಲ್ಲ. ಕೈ ಚಾಚಬೇಕು, ಕಿರುಬೆರಳು ಮುಟ್ಟಿದ ಜಾಗಕ್ಕೆ ಹೆಬ್ಬೆರಳು ತರಬೇಕು. ನಡುವೆ ಜಾಗ ಬಿಡಬಾರದು, ಒಂದರ ಮೇಲೊಂದು ಬರಬಾರದು, ಬಿದ್ದ ಗೇಣನ್ನು ಎಣಿಸಬೇಕು. ಅಳತೆ ಅಂದರೆ ಇಷ್ಟೇ ಅಲ್ವಾ? ಅದೇ ಬೆಂಚನ್ನು ಟೀಚರ್ ಅಳೆದಾಗ ಲೆಕ್ಕ ಕಡಿಮೆ ಬರುತ್ತದೆ. ಆಗ ಜಗಳ ಶುರು. ಆ ಜಗಳ ನಡೆಯಲಿ ಬಿಡಿ. ಎಲ್ಲರಿಗೂ ಒಂದೇ ಅಳತೆ ಬೇಕು ಅಂತ ಮಕ್ಕಳೇ ಕೇಳಿದ ದಿನ ಸೆಂಟಿಮೀಟರ್ ತಂದರೆ, ಅದು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾಯಚೂರಿನ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ. ಗೋಡೆಯಲ್ಲಿ 1294ರ ಶಾಸನ ಇರುವ ಒಂದೇ ಕಲ್ಲು ಸುಮಾರು 41 ಅಡಿ ಉದ್ದ ಇದೆ. ಒಂದೂವರೆ ಅಡಿಯ ಮೊಳಕ್ಕೆ 27ರ ಮೇಲೆ ಬರುತ್ತದೆ, ಮಕ್ಕಳ ಮೊಳಕ್ಕೆ ಇನ್ನೂ ಜಾಸ್ತಿ. ಮೀಟರಿನಲ್ಲಿ ಹನ್ನೆರಡೂವರೆ.

ವಿಸ್ತೀರ್ಣದ ಪಾಠಕ್ಕಂತೂ ಗುಂಟೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1,089 ಚದರ ಅಡಿ. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಸಿ. ಪಕ್ಕದಲ್ಲಿ ಜಾಗ ಇದ್ದರೆ 99 ಅಡಿ ಉದ್ದ, 11 ಅಡಿ ಅಗಲದ ಪಟ್ಟಿ ಎಳೆಸಿ. ಅದೂ 1,089 ಚದರ ಅಡಿಯೇ, ಅದೂ ಒಂದು ಗುಂಟೆಯೇ! ಈಗ ಸುತ್ತ ನಡೆಸಿ. ಚೌಕದ ಸುತ್ತ 132 ಅಡಿ, ಪಟ್ಟಿಯ ಸುತ್ತ 220 ಅಡಿ. ಜಾಗ ಅಷ್ಟೇ ಇದ್ದರೂ ತಂತಿ ಬೇಲಿಗೆ 88 ಅಡಿ ಜಾಸ್ತಿ ಖರ್ಚು. ಸುತ್ತಳತೆಗೂ ವಿಸ್ತೀರ್ಣಕ್ಕೂ ಏನು ವ್ಯತ್ಯಾಸ ಅನ್ನುವುದು ಏಳನೇ ತರಗತಿಗೆ ಹೋದರೂ ಎಷ್ಟೋ ಮಕ್ಕಳಿಗೆ ಬಗೆಹರಿದಿರುವುದಿಲ್ಲ. ಕಾಲಲ್ಲಿ ನಡೆದ ಮಗುವಿಗೆ ಬಗೆಹರಿಯುತ್ತದೆ.

ಆಕೃತಿಯದೂ ಇದೇ ಕತೆ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ ಮಕ್ಕಳು ಅದು ಚೌಕ ಅಲ್ಲ, ಡೈಮಂಡ್ ಅಂತಾರೆ. ಸಣ್ಣ ಮಕ್ಕಳು ಆಕೃತಿಯನ್ನು ಮೊದಲು ನೋಟದಿಂದ ಗುರುತಿಸುತ್ತಾರೆ, ಬದಿ-ಕೋನದ ಗುಣ ಆಮೇಲೆ ಹೊಳೆಯುತ್ತದೆ ಅಂತ ನೆದರ್ಲೆಂಡ್ಸಿನ ವಾನ್ ಹೀಲೆ ದಂಪತಿ 1957ರಲ್ಲೇ ಹೇಳಿದ್ದರು. ಸಂಡೂರಿನ ಲಂಬಾಣಿ ಕಸೂತಿಯ ಒಂದು ತುಂಡು ತಂದು ತಿರುಗಿಸಿ ತಿರುಗಿಸಿ ತೋರಿಸಿದರೆ ಸಾಕು.

ಇನ್ನು ಅಂಕಿ-ಅಂಶ. ಐದು ಮಕ್ಕಳಿಗೆ ಇಷ್ಟವಾದ ಹಣ್ಣು ಯಾವುದು ಅಂತ ಚಿತ್ರಲೇಖ ಬರೆಸುವುದು ಸಾಕಾಗಿದೆ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ಮಟ್ಟ ಪತ್ರಿಕೆಯಲ್ಲಿ ದಿನಾ ಬರುತ್ತದೆ. ಮುನಿರಾಬಾದಿನಿಂದ ಸಿಂಧನೂರಿನವರೆಗೆ ಮನೆಮನೆಯಲ್ಲೂ ಅದೇ ಮಾತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕಿತ್ತುಹೋಯಿತು. ಅದರ ಹಿಂದುಮುಂದಿನ ಎರಡು ವಾರದ ಮಟ್ಟವನ್ನು ಗೋಡೆಯ ಮೇಲೆ ಗೆರೆ ಗೆರೆಯಾಗಿ ಬರೆಸಿದ್ದರೆ, ಎಷ್ಟು ಬೇಗ ಇಳಿಯಿತು, ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅಂತ ಮಕ್ಕಳೇ ಮಾತಾಡುತ್ತಿದ್ದರು.

ವಿರೋಧ: ಊರಿನ ಅಳತೆ ಎಲ್ಲರ ಅಳತೆ ಅಲ್ಲ

ಪೆನ್ಸಿಲ್ ಪ್ರಶ್ನೆಗೆ ಮಕ್ಕಳು ತಪ್ಪು ಹೇಳುತ್ತಾರೆ, ನಿಜ. ಅದಕ್ಕೆ ಗೇಣು ಯಾಕೆ? ಅಂಕಿ ಇಲ್ಲದ ಕಾಗದದ ಪಟ್ಟಿ ಕೊಟ್ಟು ಸೆಂಟಿಮೀಟರ್ ಗೆರೆಯನ್ನು ಮಕ್ಕಳಿಂದಲೇ ಹಾಕಿಸಿ. ತುದಿ ಮುರಿದ ಸ್ಕೇಲು ಕೊಟ್ಟು ಅಳೆಸಿ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಗೆರೆ ಅಂಚಿನಿಂದ ಸ್ವಲ್ಪ ಒಳಗಿರುತ್ತದೆ. ಮಕ್ಕಳು ಅಂಚನ್ನೇ ಸೊನ್ನೆ ಅಂದುಕೊಂಡು ಇಡುತ್ತಾರೆ. ಒಂದು ಪಿರಿಯಡ್ ಈ ಸೊನ್ನೆಗೇ ಬೇಕು. ಅದನ್ನು ಗೇಣಿನ ಆಟಕ್ಕೆ ಕೊಟ್ಟರೆ, ಎರಡು ಮೂರು ತರಗತಿ ಒಟ್ಟಿಗೆ ಕೂರಿಸಿ ಪಾಠ ಮಾಡುವ ಒಬ್ಬರೇ ಟೀಚರ್ ಸೊನ್ನೆಗೆ ಸಮಯ ಎಲ್ಲಿಂದ ತರಬೇಕು?

ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಊರಿನ ಅಳತೆ ಅಂದರೆ ಯಾರ ಅಳತೆ? ಹೊಲ ಇದ್ದವರ ಮನೆ ಮಗುವಿಗೆ ಗುಂಟೆ ಗೊತ್ತು. ಕೂಲಿಯವರ ಮಗುವಿಗೆ ಗುಂಟೆಯೂ ಒಂದೇ, ಚದರ ಮೀಟರೂ ಒಂದೇ, ಎರಡೂ ಹೊಸದು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುವ ಮನೆಯ ಮಗು ಅಲ್ಲಿನ ಶಾಲೆಗೆ ಸೇರಿದರೆ ಅದರ ಜೊತೆ ಹೋಗುವುದು ಮೀಟರ್, ಲೀಟರ್, ಕಿಲೋ ಮಾತ್ರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಮನೆಯ ಮಗು ದಿನಾ ಇಂಚು ಟೇಪು ನೋಡುತ್ತದೆ. ಹಾಗಂತ ಆ ಶಾಲೆಯಲ್ಲಿ ಇಂಚಿನಿಂದ ಶುರು ಮಾಡೋಣವೇ?

ಒಂದು ಕಾಲಕ್ಕೆ ಇಲ್ಲಿ ಊರಿಗೊಂದು ಅಳತೆ ಇತ್ತು. ಬಳ್ಳಾರಿ ಮದ್ರಾಸಿನವರ ಕೈಯಲ್ಲಿ, ರಾಯಚೂರು-ಕೊಪ್ಪಳ ನಿಜಾಮರ ಕೈಯಲ್ಲಿ. ತೂಕವೂ ಒಂದೇ ಇರಲಿಲ್ಲ. 1956ರಲ್ಲಿ ಕಾನೂನು ತಂದು ಎಲ್ಲರಿಗೂ ಕಿಲೋ, ಮೀಟರ್ ಮಾಡಿದ್ದು ಸುಮ್ನೆ ಅಲ್ಲ. ಲೆಕ್ಕ ಗೊತ್ತಿಲ್ಲದವನು ಸಂತೆಯಲ್ಲಿ ಮೋಸ ಹೋಗಬಾರದು ಅಂತ. ಈಗಲೂ ನೋಡಿ. ಬೆಂಬಲ ಬೆಲೆ ಸಾರುವುದು ಕ್ವಿಂಟಲ್‌ಗೆ, ಗಂಗಾವತಿ-ಸಿಂಧನೂರು ಕಡೆ ಭತ್ತದ ದರ ಮಾತಾಡುವುದು 75 ಕೆ.ಜಿ. ಚೀಲಕ್ಕೆ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,300 ರೂಪಾಯಿ ಇತ್ತು. ಚೀಲಕ್ಕೆ 1,650 ಕೊಡ್ತೀನಿ ಅಂದವನು ಜಾಸ್ತಿ ಕೊಡುತ್ತಿದ್ದಾನೋ, ಕಡಿಮೆಯೋ? 1,725 ಕೊಡಬೇಕಿತ್ತು. ಈ ಲೆಕ್ಕ ತಕ್ಷಣ ಹೊಳೆಯಬೇಕಾದರೆ ಮಗುವಿನ ತಲೆಯಲ್ಲಿ 100 ಕಿಲೋದ ಕ್ವಿಂಟಲ್ ಗಟ್ಟಿಯಾಗಿ ಕೂತಿರಬೇಕು. ಚೀಲವೇ ಅಳತೆ ಅಂತ ಕಲಿತವನಿಗೆ ಹೊಳೆಯುವುದಿಲ್ಲ.

ಜಲಾಶಯದ ಅಂಕಿ ಕೇಳಲು ಚೆನ್ನಾಗಿದೆ. ಆದರೆ ತುಂಬಿದಾಗ 1,633 ಅಡಿ ಅನ್ನುವುದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ದು, ಅಣೆಕಟ್ಟೆಯ ಎತ್ತರ ಅಲ್ಲ. ಸೊನ್ನೆಯಿಂದ ಬರೆದರೆ ದಿನದ ಏರಿಳಿತ ಕಾಣುವುದೇ ಇಲ್ಲ. 1,600ರಿಂದ ಬರೆದರೆ 1,620 ಅಡಿಯ ಕಂಬ 1,610ರ ಎರಡರಷ್ಟು ಕಾಣುತ್ತದೆ, ನೀರೂ ದುಪ್ಪಟ್ಟಾಯಿತು ಅಂತ ಮಗು ತಿಳಿಯುತ್ತದೆ. ಇನ್ನು ಜಲಾಶಯದ ನೀರನ್ನು ಲೆಕ್ಕ ಹಾಕುವ ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಲೀಟರ್ ಬಾಟಲಿಯಿಂದ ಬಕೆಟ್ ತುಂಬಿಸಿ ನೋಡದ ಮಗುವಿಗೆ ಅದನ್ನು ಹೇಗೆ ಮುಟ್ಟಿಸುವುದು? ಹಣ್ಣಿನ ಚಿತ್ರಲೇಖ ಬೇಜಾರಿನದ್ದೇ, ಒಪ್ಪಿದೆ. ಬೇಕಾದರೆ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಅಂತ ಬಿಸಿಯೂಟದ ದಿನ ಎಣಿಸಿ ಬರೆಸಿ.

ಗುಂಟೆಯ ಪಟ್ಟಿಯ ಲೆಕ್ಕ ನನಗೂ ಹಿಡಿಸಿತು. ಅದನ್ನು ಮೀಟರಿನಲ್ಲೂ ಮಾಡಬಹುದು: 6 ಮೀಟರಿನ ಚೌಕ, 9 ಮೀಟರ್ ಉದ್ದ 4 ಮೀಟರ್ ಅಗಲದ ಪಟ್ಟಿ, ಎರಡೂ 36 ಚದರ ಮೀಟರ್. ಗುಂಟೆ ಕಾಯಲಿ. ಎಕರೆಗೆ 40 ಗುಂಟೆ, ನೂರಲ್ಲ. ಪಹಣಿಯಲ್ಲಿ 2.20 ಅಂತ ಇದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ದಶಮಾಂಶ ಈಗಷ್ಟೇ ಕಲಿಯುತ್ತಿರುವ ಮಗು ಅದನ್ನು ಎರಡು ಎಕರೆ ಮತ್ತು ಐದರಲ್ಲಿ ಒಂದು ಭಾಗ ಅಂತ ಓದುತ್ತದೆ. ದಶಮಾಂಶ ಗಟ್ಟಿಯಾದ ಮೇಲೆ, ಆರನೇ ಏಳನೇ ತರಗತಿಯಲ್ಲಿ, ಮನೆಯ ಪಹಣಿಯನ್ನೇ ತರಿಸಿ ಗುಂಟೆ ಕಲಿಸಲಿ. ಪಹಣಿ ಇಲ್ಲದ ಮನೆಯ ಮಗುವಿಗೆ ಶಾಲೆಯ ಜಾಗದ್ದು ಕೊಟ್ಟರಾಯಿತು.