ಒದೆಯುವ ಕಾಲಲ್ಲ, ನಿಂತ ಕಾಲು ನೋಡಿ

ಮೊನ್ನೆ ಭಾನುವಾರ ಮುಂಬೈನ ಮಾಟುಂಗಾದಲ್ಲಿ ಗೆಳೆಯರೆಲ್ಲ ದೋಸೆ ಮುಗಿಸಿ ಕಾಫಿಗೆ ಕಾಯುತ್ತಿದ್ದೆವು. ಮಾತು ಮತ್ತೆ ಅಲ್ಲಿಗೇ ಬಂತು. ಯಾರ ಕಿಕ್ ಜೋರು? ಕರಾಟೆಯದಾ, ಕೊರಿಯಾದ ಟೇಕ್ವಾಂಡೋದಾ, ಕಾಲಲ್ಲೂ ಹೊಡೆಯುವ ಥಾಯ್ಲೆಂಡಿನ ಬಾಕ್ಸಿಂಗ್ ಮುವಾಯ್ ಥಾಯ್‌ದಾ? ನಾನು ಡೊಂಬಿವಲಿಯಲ್ಲಿ ಸ್ಕೂಲ್ ದಿನಗಳಿಂದ ಕರಾಟೆ ಕಲಿತವನು. ಈಗ ಆರು ವರ್ಷದಿಂದ ಮುವಾಯ್ ಥಾಯ್ ಮಾಡುತ್ತಿದ್ದೇನೆ. ಮಗಳು ಟೇಕ್ವಾಂಡೋ ಕಲಿಯುತ್ತಿದ್ದಾಳೆ. ಹೋಟೆಲಿನ ಗದ್ದಲದಲ್ಲಿ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮೇಲೆ ಹೋಗುವ ಕಾಲನ್ನೇ ನೋಡುತ್ತಾರೆ. ನೆಲದ ಮೇಲಿರುವ ಕಾಲು ನೋಡಿ. ವ್ಯತ್ಯಾಸ ಇರುವುದು ಅಲ್ಲಿ.

ಪಕ್ಕದಿಂದ ಬೀಸುವ ರೌಂಡ್‌ಹೌಸ್ ಕಿಕ್ಕನ್ನೇ ತೆಗೆದುಕೊಳ್ಳಿ. ಕರಾಟೆಯಲ್ಲಿ ಇದು ಮವಾಶಿ ಗೇರಿ. ಮೊದಲು ಮಂಡಿ ಎತ್ತಬೇಕು, ಅಲ್ಲಿಂದ ಕಾಲು ಚಿಮ್ಮಬೇಕು, ತಾಗಿದ ತಕ್ಷಣ ವಾಪಸ್ ಮಡಚಬೇಕು. ನಮಗೆ ಕಲಿಸಿದ್ದು ನಿಂತ ಕಾಲಿನ ಹಿಮ್ಮಡಿ ನೆಲ ಬಿಡಬಾರದು ಅಂತ. ಏಟು ಬೀಳುವುದು ಪಾದದ ಮೇಲ್ಭಾಗದಿಂದ, ಇಲ್ಲವೇ ಬೆರಳು ಹಿಂದಕ್ಕೆ ಎಳೆದುಕೊಂಡು ಮುಂಗಾಲಿನಿಂದ, ಅಂದರೆ ಬೆರಳುಗಳ ಬುಡದಿಂದ.

ಟೇಕ್ವಾಂಡೋದಲ್ಲಿ ಇದೇ ಒದೆಗೆ ದೊಲ್ಯೊ ಚಾಗಿ ಅಂತ ಹೆಸರು, ಶುರುವಾಗುವುದೂ ಹೀಗೇ. ಆದರೆ ನಿಂತ ಪಾದ ಪೂರ್ತಿ ತಿರುಗುತ್ತದೆ, ಹಿಮ್ಮಡಿ ಎದುರಾಳಿಯ ಕಡೆ ಬರುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಇದರಿಂದ ಕಾಲು ಜಾಸ್ತಿ ದೂರ ತಲುಪುತ್ತದೆ. ಅಲ್ಲಿನ ನಿಯಮವೂ ಅದನ್ನೇ ಬೇಡುತ್ತದೆ. ಪಂಚ್‌ಗೆ 1 ಅಂಕ, ಎದೆಕವಚಕ್ಕೆ ಬಿದ್ದ ಕಿಕ್‌ಗೆ 2, ತಲೆಗೆ 3. ಮೈ ತಿರುಗಿಸಿ ಒದ್ದರೆ ಎದೆಗೆ 4, ತಲೆಗೆ 5. ಸೊಂಟದ ಕೆಳಗೆ ಒದೆಯುವ ಹಾಗಿಲ್ಲ. ಹಾಗಾಗಿ ಪಕ್ಕಕ್ಕೆ ತಿರುಗಿ, ಕೈ ಕೆಳಗಿಟ್ಟು ಕುಣಿಯುತ್ತಾ ನಿಲ್ಲಬಹುದು.

ಹಾಗೆ ನಿಂತವರು ಥಾಯ್ ರಿಂಗಿನಲ್ಲಿ ತೊಡೆಗೆ ಏಟು ತಿನ್ನುತ್ತಾರೆ. 1988ರಲ್ಲಿ ಅಮೆರಿಕದ ರಿಕ್ ರೂಫಸ್‌ಗೆ ಆದದ್ದು ಅದೇ. ಸೊಂಟದ ಮೇಲೆ ಮಾತ್ರ ಒದೆಯುವ ಕಿಕ್‌ಬಾಕ್ಸಿಂಗ್ ಅವರದು. ಮೊದಲ ಸುತ್ತಿನಲ್ಲೇ ಥಾಯ್ಲೆಂಡಿನ ಚಾಂಗ್‌ಪುವೆಕ್ ಅವರ ದವಡೆ ಮುರಿದರು. ಚಾಂಗ್‌ಪುವೆಕ್ ಬಿಡಲಿಲ್ಲ, ಸುಮ್ನೆ ಕಾಲಿಗೇ ಒದೆಯುತ್ತಾ ಹೋದರು. ಕೊನೆಗೆ ರೂಫಸ್‌ಗೆ ನಿಲ್ಲಲು ಕಾಲೇ ಇರಲಿಲ್ಲ.

ಮುವಾಯ್ ಥಾಯ್ ಒದೆಯಲ್ಲಿ ಮಂಡಿಯ ಚಿಮ್ಮು ಕಡಿಮೆ. ನಿಂತ ಕಾಲು ಓರೆಯಾಗಿ ಹೊರಗೆ ಹೆಜ್ಜೆ ಇಡುತ್ತದೆ, ಮುಂಗಾಲಿನ ಮೇಲೆ ಏಳುತ್ತದೆ, ಸೊಂಟ ಪೂರ್ತಿ ತಿರುಗುತ್ತದೆ. ಮೈಭಾರವೆಲ್ಲ ಹಿಂದಿನಿಂದ ಬರುತ್ತದೆ. ತಪ್ಪಿದರೆ ನಾವೇ ಒಂದು ಸುತ್ತು ಸುತ್ತುತ್ತೇವೆ. ತಾಗುವುದು ಪಾದವಲ್ಲ, ಮಂಡಿಯ ಕೆಳಗಿನ ಶಿನ್ ಮೂಳೆ. ಪಾದದಲ್ಲಿ 26 ಸಣ್ಣ ಮೂಳೆಗಳಿವೆ. ಅದನ್ನು ಇನ್ನೊಬ್ಬರ ಮೊಣಕೈಗೆ ಬಡಿದುಕೊಂಡವರಿಗೆ ಶಿನ್ನಿನ ಬೆಲೆ ಗೊತ್ತು. ಹಾಗಂತ ಶಿನ್ ಮುರಿಯುವುದಿಲ್ಲ ಅಂತಲ್ಲ. 2013ರಲ್ಲಿ ಒಂದು ಮಿಶ್ರ ಸಮರಕಲೆ (ಎಂಎಂಎ) ಪಂದ್ಯದಲ್ಲಿ ಆಂಡರ್ಸನ್ ಸಿಲ್ವಾ ಬೀಸಿದ ಒದೆಯನ್ನು ಕ್ರಿಸ್ ವೈಡ್‌ಮನ್ ಕಾಲೆತ್ತಿ ತಡೆದಾಗ ಸಿಲ್ವಾ ಅವರ ಕಾಲು ಎರಡಾಗಿ ಮಡಚಿಕೊಂಡಿತು. ಆ ವಿಡಿಯೋವನ್ನು ನಾನು ಎರಡನೇ ಸಲ ನೋಡಿಲ್ಲ.

ಇನ್ನೊಂದು ಹೇಳಲೇಬೇಕು. ಟೋಕಿಯೋ ಒಲಿಂಪಿಕ್ಸ್ ಕರಾಟೆ ಫೈನಲ್ಲಿನಲ್ಲಿ ಸೌದಿಯ ತಾರೆಗ್ ಹಮೆದಿ 4-1ರಿಂದ ಮುಂದಿದ್ದರು. ತಲೆಗೆ ಬೀಸಿದ ಕಿಕ್‌ಗೆ ಇರಾನಿನ ಗಂಜ್‌ಜಾದೆ ಎಚ್ಚರ ತಪ್ಪಿ ಬಿದ್ದರು. ಚಿನ್ನ ಹೋಗಿದ್ದು ಬಿದ್ದವರಿಗೆ. ಹತೋಟಿ ಮೀರಿದ ಏಟು ಅಂತ ಹಮೆದಿಯನ್ನು ಅನರ್ಹ ಮಾಡಿದರು. ಥಾಯ್ ರಿಂಗಿನಲ್ಲಾದರೆ ಅದೇ ಒದೆಗೆ ಗೆಲುವು. ಹೀಗಿರುವಾಗ ಯಾವುದು ಜೋರು ಅಂತ ಕೇಳಿ ಏನು ಸಿಗುತ್ತೆ ಹೇಳಿ? ಯಾವ ಆಟಕ್ಕೆ ಅಂತ ಮೊದಲು ಕೇಳಬೇಕು ಅಲ್ವಾ?

ನನ್ನ ಸಿಟ್ಟು ಇರುವುದು ಎಲ್ಲವನ್ನೂ ಕಲಸಿ 'ಕಿಕ್‌ಬಾಕ್ಸಿಂಗ್' ಅಂತ ಕಲಿಸುವ ಕ್ಲಾಸುಗಳ ಮೇಲೆ. ಅಂಥ ಒಂದು ಕಡೆ ನಾನು ಥಾಯ್ ಒದೆ ಶುರು ಮಾಡಿದೆ, ಹಿಮ್ಮಡಿ ಮಾತ್ರ ಕರಾಟೆಯಂತೆ ನೆಲಕ್ಕಂಟಿತ್ತು. ಯಾರೂ ತಿದ್ದಲಿಲ್ಲ. ಒಂದು ದಿನ ಮೈ ತಿರುಗಿತು, ಪಾದ ರಬ್ಬರ್ ಮ್ಯಾಟಿಗೆ ಕಚ್ಚಿಕೊಂಡಿತು, ಮಂಡಿ ತಿರುಚಿತು. ಎರಡು ತಿಂಗಳು ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದ್ದೇನೆ.

ನಿಮ್ಮ ಮಕ್ಕಳ ಕ್ಲಾಸಿಗೆ ಹೋದಾಗ ಅವರ ಕಾಲು ಎಷ್ಟು ಎತ್ತರ ಹೋಗುತ್ತೆ ಅಂತ ನೋಡಬೇಡಿ. ನಿಂತ ಪಾದವನ್ನು ಯಾರಾದರೂ ತಿದ್ದುತ್ತಾರಾ, ಅದನ್ನು ನೋಡಿ. ನನ್ನ ಮಗಳ ಸರ್ ಮ್ಯಾಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕುತ್ತಾರೆ. ಹಿಮ್ಮಡಿ ಆ ಗೆರೆಗೆ ತಿರುಗುವುದು ರೂಢಿಯಾಗುವ ತನಕ ಯಾರಿಗೂ ತಲೆಯೆತ್ತರಕ್ಕೆ ಒದೆಯಲು ಬಿಡುವುದಿಲ್ಲ.