ಅರುಣಾಚಲ ಸುತ್ತಿ ಗುಹೆ ನೋಡದೆ ಬರುವವರಿಗೆ

ಹುಣ್ಣಿಮೆ ಬಂತೆಂದರೆ ಬೆಂಗಳೂರಿನಿಂದ ತಿರುವಣ್ಣಾಮಲೈಗೆ ಬಸ್ಸು, ಟೆಂಪೋ, ಕಾರುಗಳ ಸಾಲೇ ಹೊರಡುತ್ತದೆ. ಸಂಜೆ ಇಳಿಯೋದು, ರಾತ್ರಿಯೆಲ್ಲ ಅರುಣಾಚಲ ಬೆಟ್ಟದ ಸುತ್ತ 14 ಕಿಲೋಮೀಟರ್ ಗಿರಿಪ್ರದಕ್ಷಿಣೆ, ಬೆಳಗ್ಗೆ ಬಸ್ಸಿನಲ್ಲೇ ನಿದ್ದೆ. ಬರಿಗಾಲಲ್ಲಿ ಅಷ್ಟು ದೂರ ನಡೆಯುವವರ ಬಗ್ಗೆ ನನಗೆ ಗೌರವವಿದೆ. ಆದರೆ ಇಷ್ಟೆಲ್ಲ ಸುತ್ತಿದ ಮೇಲೂ ಬೆಟ್ಟವನ್ನು ಒಂದಿಷ್ಟಾದರೂ ಹತ್ತಿ ಅಲ್ಲಿನ ಗುಹೆಗಳಲ್ಲಿ ಕೂರದೆ ವಾಪಸ್ ಬರುವುದು, ಅದೂ ಕನ್ನಡದವರು ಹಾಗೆ ಬರುವುದು, ನನಗೆ ಸರಿ ಕಾಣುವುದಿಲ್ಲ.

ಕನ್ನಡದವರು ಅಂತ ಯಾಕೆ ಹೇಳಿದೆನೆಂದರೆ, ಆ ಗುಹೆಗಳಲ್ಲಿ ಮೊದಲು ಕೂತವರಲ್ಲಿ ನಮ್ಮ ಸೀಮೆಯವರಿದ್ದಾರೆ. ವಿರೂಪಾಕ್ಷ ದೇವರು, ಗುಹೈ ನಮಶಿವಾಯರು ಇಬ್ಬರೂ ಕನ್ನಡ ನಾಡಿನಿಂದ ಹೋದ ವೀರಶೈವ ಸಂತರೆಂದು ಪರಂಪರೆ ಹೇಳುತ್ತದೆ. ನಮಶಿವಾಯರಂತೂ ಅಲ್ಲಿಯೇ ನೆಲೆನಿಂತು ಅರುಣಾಚಲನ ಮೇಲೆ ತಮಿಳಿನಲ್ಲಿ ಪದ್ಯ ಕಟ್ಟಿದರು. ವಿರೂಪಾಕ್ಷರು ಗುಹೆಯೊಳಗೇ ದೇಹ ಬಿಟ್ಟರು, ಆ ದೇಹ ವಿಭೂತಿಯಾಯಿತು ಎಂಬ ನಂಬಿಕೆಯಿದೆ. ಒಳಗೆ ಪೀಠದ ಮೇಲೆ ಇವತ್ತಿಗೂ ಪೂಜೆಗೊಳ್ಳುತ್ತಿರುವುದು ಆ ವಿಭೂತಿಯ ದಿಬ್ಬವೇ. ಮೂರ್ತಿಯಿಲ್ಲ, ಗೋಪುರವಿಲ್ಲ. (ಕೆಳಗಿನ ದೊಡ್ಡ ದೇವಸ್ಥಾನದಲ್ಲೂ ನಮ್ಮವರ ಗುರುತುಗಳಿವೆ. ಹೊಯ್ಸಳರ ಮುಮ್ಮಡಿ ಬಲ್ಲಾಳನ ಹೆಸರಿನ ಗೋಪುರ, ಕೃಷ್ಣದೇವರಾಯ ಶುರು ಮಾಡಿಸಿದ ರಾಜಗೋಪುರ. ಅದನ್ನು ಗೈಡುಗಳು ಹೇಳಿಯೇ ಹೇಳುತ್ತಾರೆ, ಬಿಡಿ.)

ಇದೇ ವಿರೂಪಾಕ್ಷ ಗುಹೆಯಲ್ಲಿ ರಮಣರು 1899ರಿಂದ 1916ರವರೆಗೆ ಇದ್ದರು. ಬೇಸಿಗೆಯಲ್ಲಿ ನೀರಿಲ್ಲದೆ ಹತ್ತಿರದ ಮಾವಿನಮರದ ಗುಹೆಗೆ ಹೋಗುತ್ತಿದ್ದರು. 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬ ಭಕ್ತರು ಬಂದು ‘ನಾನು ಯಾರು’ ಎಂದು ಕೇಳಿದ್ದು ಇಲ್ಲೇ. ಸ್ವಾಮಿ ಆಗ ಮಾತಾಡುತ್ತಿರಲಿಲ್ಲ, ಉತ್ತರವನ್ನು ಬರೆದು ತೋರಿಸಿದರು. 1907ರಲ್ಲಿ ಸಂಸ್ಕೃತ ಪಂಡಿತ, ಕವಿ ಕಾವ್ಯಕಂಠ ಗಣಪತಿ ಮುನಿಗಳು ಇಲ್ಲಿಗೇ ಹತ್ತಿ ಬಂದು, ಬ್ರಾಹ್ಮಣ ಸ್ವಾಮಿ ಎಂದು ಕರೆಸಿಕೊಳ್ಳುತ್ತಿದ್ದ ಆ ಯುವಕನಿಗೆ ‘ರಮಣ ಮಹರ್ಷಿ’ ಎಂಬ ಹೆಸರು ಕೊಟ್ಟರು. ನಮ್ಮ ಗೋಕರ್ಣದ ದೈವರಾತರು ಇದೇ ಮುನಿಗಳ ಶಿಷ್ಯರು.

ಆದರೆ ನನಗೆ ಬಹಳ ಇಷ್ಟವಾದ ಕಥೆ ಕಾಸಿನದು. ಗುಹೆ ಊರಿನ ಒಂದು ಮಠಕ್ಕೆ ಸೇರಿತ್ತು. ಬೆಟ್ಟದ ತುದಿಯಲ್ಲಿ ದೀಪ ಹಚ್ಚುವ ಕಾರ್ತಿಕ ದೀಪದ ಹಬ್ಬದ ಸಮಯದಲ್ಲಿ ಬಂದವರಿಂದ ಒಂದಿಷ್ಟು ಕಾಸು ವಸೂಲಿ ಮಾಡುವುದು ಹಳೇ ರೂಢಿ. ಮಠದೊಳಗಿನ ವ್ಯಾಜ್ಯದಿಂದ ಅದು ನಿಂತುಹೋಗಿತ್ತು. ಕೇಸು ಮುಗಿದ ಮೇಲೆ ಗೆದ್ದವರು ಮತ್ತೆ ಶುರು ಮಾಡಿದರು. ಅಷ್ಟರಲ್ಲಿ ವರ್ಷವಿಡೀ ಜನ ಬರುತ್ತಿದ್ದರು, ಬರುತ್ತಿದ್ದುದೂ ಸ್ವಾಮಿಯನ್ನು ನೋಡಲಿಕ್ಕೆ. ಅಂದಮೇಲೆ ಅದು ಸ್ವಾಮಿ ದರ್ಶನದ ಟಿಕೆಟ್ಟೇ ಆಯಿತಲ್ಲ? ರಮಣರು ಜಗಳ ಆಡಲಿಲ್ಲ. ಎದ್ದು ಹೊರಗೆ ಬಂದು ಮರದ ಕೆಳಗೆ ಕೂತರು. ವಸೂಲಿಯವನು ಮರಕ್ಕೂ ಮುಂಚೆಯೇ, ಹೊರಗಿನ ದಾರಿಯಲ್ಲಿ ಹೋಗಿ ನಿಂತ! ಸ್ವಾಮಿ ಆ ಜಾಗವನ್ನೇ ಬಿಟ್ಟು ಕೆಳಗಿನ ಬೇರೆ ಗುಹೆಗೆ ಹೋದರು, ಅಲ್ಲಿಂದ ಇನ್ನೊಂದಕ್ಕೆ. ಜನರೂ ಅವರ ಹಿಂದೆಯೇ ಹೋದರು. ವಿರೂಪಾಕ್ಷ ಗುಹೆಗೆ ಬರುವವರೇ ಇಲ್ಲವಾದಾಗ ಮಠದವರು ಬಂದು, ನೀವು ಇರುವಷ್ಟು ದಿನ ಕಾಸು ಕೇಳುವುದಿಲ್ಲ, ವಾಪಸ್ ಬನ್ನಿ ಎಂದು ಕರೆದುಕೊಂಡು ಹೋದರು.

ವಿಶೇಷ ದರ್ಶನದ ಸಾಲು, ಅದಕ್ಕೂ ಮೇಲಿನ ಇನ್ನೊಂದು ಸಾಲು, ಪರಿಚಯದವರಿದ್ದರೆ ಪಕ್ಕದ ಬಾಗಿಲು ಎಂದು ಓಡಾಡುವ ನಾವು ಈ ಕಥೆಯನ್ನು ಓದಲೇಬೇಕು. ಗುಹೆಯಲ್ಲಿ ಇವತ್ತು ನಮಗೆ ಮಾಡಲಿಕ್ಕೆ ಕೆಲಸವೇ ಇಲ್ಲ. ನೂಕುವವರಿಲ್ಲ, ಮುಂದೆ ನಡೀರಿ ಅನ್ನುವವರಿಲ್ಲ. ಸುಮ್ಮನೆ ಕೂರಬೇಕು, ಅಷ್ಟೇ. ಬಹುಶಃ ಅದಕ್ಕೇ ನಮ್ಮ ಟೂರ್ ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ. ಸಂಜೆಗೆ ಮುಚ್ಚುವುದರಿಂದ ರಾತ್ರಿ ಸುತ್ತುವವರಿಗೆ ಸಿಗುವುದೂ ಇಲ್ಲ.

‘ಜಾಗ ಚೆನ್ನಾಗಿದೆ, ಮೇಲಿನವರೆಗೆ ರಸ್ತೆ ಮಾಡಿ ಅಭಿವೃದ್ಧಿ ಮಾಡಬೇಕು’ ಎಂದು ಯಾರಾದರೂ ಕಾಮೆಂಟ್ ಹಾಕುವ ಮುಂಚೆ ಒಂದು ನೆನಪು. 2024ರ ಡಿಸೆಂಬರ್ 1ರಂದು ಫೆಂಗಲ್ ಚಂಡಮಾರುತದ ಮಳೆಗೆ ಇದೇ ಬೆಟ್ಟದ ಮಣ್ಣು, ಬಂಡೆ ಕುಸಿದು ಕೆಳಗಿನ ಮನೆಯಲ್ಲಿದ್ದ ಏಳು ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಆ ವರ್ಷದ ಕಾರ್ತಿಕ ದೀಪಕ್ಕೆ ಭಕ್ತರನ್ನು ಬೆಟ್ಟ ಹತ್ತಲು ಬಿಡಲಿಲ್ಲ. ಇಳಿಜಾರನ್ನು ಇನ್ನಷ್ಟು ಅಗೆದು ಕಾಂಕ್ರೀಟು ಸುರಿಯಿರಿ ಅನ್ನಲು ಇದನ್ನು ಕಂಡವರಿಗೆ ಹೇಗೆ ಮನಸ್ಸು ಬರುತ್ತದೆ? ಮಂಡಿನೋವಿನವರಿಗೆ ಹತ್ತುವುದು ಕಷ್ಟ, ನಿಜ. ಅವರಿಗೆ ಕೆಳಗೆ ರಮಣಾಶ್ರಮವಿದೆ, ಅಲ್ಲಿಯೂ ಸುಮ್ಮನೆ ಕೂರಬಹುದು.

ಹೋಗುವವರು ಹುಣ್ಣಿಮೆ ಬಿಟ್ಟು ಬೇರೆ ದಿನ ಹೋಗಿ. ಬಿಸಿಲೇರುವ ಮುಂಚೆ ಆಶ್ರಮದ ಹಿಂದಿನ ಕಲ್ಲುದಾರಿ ಹಿಡಿದರೆ ಮೊದಲು ಸ್ಕಂದಾಶ್ರಮ ಸಿಗುತ್ತದೆ. ರಮಣರು 1922ರವರೆಗೆ ತಾಯಿಯ ಜೊತೆ ಇದ್ದದ್ದು ಅಲ್ಲಿ. ಅಲ್ಲಿಂದ ಇಳಿದರೆ ವಿರೂಪಾಕ್ಷ ಗುಹೆ, ಇನ್ನೂ ಇಳಿದರೆ ಗುಹೈ ನಮಶಿವಾಯರ ಜಾಗ, ಆಮೇಲೆ ಊರು. ಕೋತಿಗಳಿವೆ, ತಿಂಡಿಯ ಕವರ್ ಕೈಯಲ್ಲಿ ಹಿಡಿಯಬೇಡಿ. ಮೊಬೈಲು ಆಫ್ ಮಾಡಿಯೇ ಒಳಗೆ ಹೋಗಿ.